ಏಳು

ಊರಿಗೆ ಹೋಗುವಾಗ ಹಾಲಿನ ಪುಡಿ, ಖರ್ಜೂರ,
ಅಣ್ಣನ ಮಕ್ಕಳ ಬೂಟು ತೂಗುವ ಲಗೇಜು ತಕ್ಕಡಿ.
ಅದರ ಕೊಕ್ಕೆಗೆ ನಮ್ಮ ಬೆನ್ನುಚೀಲಗಳ ನೇತುಹಾಕಿ
ಸೆವ್ರಿನ್ ಬಾಯಿ ನೀರು ತೂಗಿದಳು.
ನಾಲ್ಕು ಲೀಟರಿಗೆ ಒಂದು ಲೋಟ ಕಡಿಮೆಯಿದ್ದರೂ
ಕಾರಿನಲ್ಲೇ ಕೂತಿರಬಹುದು, ಎಸಿ ಹಾಕಿಕೊಂಡು.
ಮೂವತ್ತು ವರ್ಷ ಐಸಿಯುವಿನಲ್ಲಿ ರಾತ್ರಿಪಾಳಿ ಮಾಡಿದವಳ ಹತ್ತಿರ
ಚೌಕಾಶಿ ನಡೆಯುವುದಿಲ್ಲ.

ಜುಲೈ. ಶುಕ್ರವಾರ. ಬೆಳಗಿನ ಮೂರೂವರೆ.
ಮಿಸ್ಫಾದ ಓಣಿಗಳು ಇನ್ನೂ ನಿನ್ನೆಯ ಬಿಸಿಲನ್ನೇ ಉಸಿರಾಡುತ್ತಿದ್ದವು,
ಗೋಡೆಗೆ ಕೈಯಿಟ್ಟರೆ ಜ್ವರ ಬಂದ ಮಗುವಿನ ಬೆನ್ನು.
ತೋಟದ ಫಲಜ್ ಕಾಲುವೆಯಲ್ಲಿ ಮಾತ್ರ ನೀರು
ಯಾರನ್ನೂ ಎಬ್ಬಿಸದೆ ಹೋಗುತ್ತಿತ್ತು.

ಹನ್ನೊಂದು ಜನ. ಹನ್ನೊಂದು ಹಣೆದೀಪ.
ಯಾರೂ ತಪ್ಪಿಹೋಗಬಾರದೆಂದು ತಲೆಗೊಂದು ಅಂಕಿ.
ನಿಂತಲ್ಲೆಲ್ಲ ಸಾಲಾಗಿ ಕೂಗಬೇಕು, ಅದೂ ಕನ್ನಡದಲ್ಲಿ;
ಕೊಂಕಣಿ, ನವಾಯತಿ, ತುಳು, ಬ್ಯಾರಿ ಎಲ್ಲ
ಬೆಟ್ಟ ಇಳಿದ ಮೇಲೆ.
ಭಟ್ಕಳದ ಜಾವೀದ್ ನಾಲ್ಕು.
ರೂವಿಯ ಚಿನ್ನದಂಗಡಿಯ ವಿಠೋಬ ರಾಯ್ಕರ್ ಏಳು.
ನಾನು ಎಂಟು. "ಎಂಟೆದೆಯ ಟೀಚರು" ಅಂತ ನಕ್ಕರು.
ಇರುವ ಒಂದೇ ಎದೆ ಮೊದಲ ಏರಿಗೇ
ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು.

ದಾರಿ ಹಳೆಯದು, ಕತ್ತೆಗಳದ್ದು.
ಎಷ್ಟೋ ತಲೆಮಾರಿನ ಗೊರಸು ಮೆಟ್ಟಿಲಿನ ಅಂಚನ್ನು
ಸವೆದ ಸೋಪು ಮಾಡಿದೆ.
ಈಚೆಗೆ ಯಾರೋ ಬಂಡೆಗಳಿಗೆ ಪಟ್ಟಿ ಬಳಿದಿದ್ದಾರೆ:
ಹಳದಿ, ಬಿಳಿ, ಕೆಂಪು.
"ನಮ್ಮ ಬಾವುಟವೇ. ನಡುವೆ ಉಪ್ಪು ಕಟ್ಟಿದೆ"
ಅಂದ ಜಾವೀದ್, ತನ್ನ ಅಂಗಿಯ ಬೆನ್ನು ತೋರಿಸಿ.
ದಾರಿ ಇಡೀ ಬೆಟ್ಟಸಾಲು ಹಿಡಿದು ಹೋಗುತ್ತದಂತೆ, ದಿನಗಟ್ಟಲೆ.
ನಮಗೆ ಸಿಕ್ಕಿದ್ದು ಒಂದು ರಜೆಯಷ್ಟು.

ಬೆಳಕಾಯಿತು. ದೀಪ ಆರಿಸಿದೆವು.
ಕೆಳಗೆ ಖರ್ಜೂರದ ಹಸಿರು ಅಂಗೈಯಷ್ಟು.
ನೆರಳು ಬಂಡೆಯ ಬುಡಕ್ಕೆ ಸರಿಯತೊಡಗಿತು,
ಬಾಡಿಗೆ ಕೇಳುವವನು ಬಂದಾಗ
ಒಳಕೋಣೆಗೆ ಜಾರುವವನ ಹಾಗೆ.

ಜಾಲಿ ಮರದ ಹತ್ತಿರ ನಿಂತು ಎಣಿಕೆ.
ಒಂದು. ಎರಡು. ಮೂರು. ನಾಲ್ಕು. ಐದು. ಆರು.

ನನ್ನ ಬಾಯಲ್ಲಿ ಎಂಟು ಸಿದ್ಧವಾಗಿತ್ತು,
ಒಣಗಿದ ನಾಲಿಗೆಗೆ ಅಂಟಿದ ಮಾತ್ರೆ.
ಏಳಿಲ್ಲದೆ ಎಂಟು ಹೇಗೆ ಹೇಳಲಿ?
ಲೆಕ್ಕದ ಟೀಚರು ನಾನು, ಅಂಕಿ ಹಾರಿಸಿ ಗೊತ್ತಿಲ್ಲ.

"ಏಳು!" ಎಂದಳು ಸೆವ್ರಿನ್ ಬಾಯಿ.
"ಏಳೂ" ಎಂದೆವು ಎಲ್ಲರೂ.
ಕಣಿವೆ ಅದನ್ನು ಇಸಿದುಕೊಂಡು, ಅರ್ಥ ಬದಲಿಸಿ, ವಾಪಸು ಕೊಟ್ಟಿತು:
ಏಳು, ಏಳು.
ಪರೀಕ್ಷೆಯ ದಿನ ಹೊದಿಕೆ ಎಳೆದ ಅಮ್ಮ ನನಗೆ ಕೇಳಿದಳು.
ಜಾವೀದನಿಗೆ, ಆಮೇಲೆ ಹೇಳಿದ,
ಮೊದಲ ವರ್ಷದ ಕ್ಯಾಂಪು, ನಾಲ್ಕರ ಬಸ್ಸು,
ತಗಡಿನ ಬಾಗಿಲು ಬಡಿಯುವ ಕೈ.

ಮೂರು ತಿರುವು ಕೆಳಗೆ ಸಿಕ್ಕ.
ಬಿದ್ದಿರಲಿಲ್ಲ.
ಕೂತಿದ್ದ. ಹದಿನಾಲ್ಕನೆಯ ವಯಸ್ಸಿನಿಂದ ಕೂತೇ ದುಡಿದವನು
ಕೂರುವ ಹಾಗೆ, ಚಕ್ಕಳಮಕ್ಕಳ,
ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ,
ಬಂಡೆಗೆ ಮೂಗು ತಾಗುವಷ್ಟು ಬಾಗಿ.

"ಬೆಳಚು" ಅಂದ, ತಲೆಯೆತ್ತದೆ.
"ಅಂಕೋಲೆಯ ಅಳಿವೆಯಲ್ಲಿ ಕಾಲಲ್ಲಿ ತಡಕಿ ಹೆಕ್ಕುತ್ತಿದ್ದೆವು.
ಇದು ಅದರ ಅಜ್ಜಿ."
ಕಲ್ಲಿನೊಳಗೆ ಕಲ್ಲಾದ ಚಿಪ್ಪು, ಬೆರಳುಗುರಿನಷ್ಟು,
ಒಂದು ಗೆರೆಯೂ ಅಳಿಸದೆ.
"ಯಾರ ಕೆಲಸವೋ! ಬೆಸುಗೆ ಎಲ್ಲಿ ಅಂತಲೇ ಕಾಣುವುದಿಲ್ಲ."

ಬೈಯಲೆಂದು ಬಾಯಿ ತೆಗೆದ ಸೆವ್ರಿನ್
ಅದಕ್ಕೆ ನೀರು ಸುರಿದುಕೊಂಡಳು.
ಒಬ್ಬರಾದ ಮೇಲೊಬ್ಬರು ಮೊಣಕಾಲೂರಿ ನೋಡಿದೆವು
ಆ ಪುಟ್ಟ ಗಾಜಿನಲ್ಲಿ, ಎಂದೋ ಇಲ್ಲಿದ್ದ ಸಮುದ್ರವನ್ನು.
ಅರ್ಧ ಗಂಟೆ ಹೋಯಿತು. ಅದರ ಜೊತೆ ನೆತ್ತಿಯೂ ಹೋಯಿತು:
"ಇನ್ನು ಹತ್ತುವುದು ಬೇಡ. ಬಿಸಿಲು ಕೂತಾಯಿತು. ಇಳಿಯಿರಿ."

ಅವನ ಜೇಬಿನಲ್ಲಿ ಸಣ್ಣ ಉಳಿಯೂ ಇತ್ತು. ಕೀಳಲಿಲ್ಲ.
ಹನ್ನೊಂದನೆಯ ಹುಡುಗ ತೂಗಿ ತಂದ ನೀರಿನಿಂದ
ಒಂದು ಮುಚ್ಚಳ ಚಿಪ್ಪಿಗೆ ಹಾಕಿದ.
ಗೆರೆಗಳು ಮಿಂಚಿದವು.
ನಾವು ಚೀಲ ಏರಿಸುವ ಮೊದಲೇ ಆರಿದವು.

ವಿಠೋಬ ಎರಡೂ ಮಂಡಿ ಲಟಲಟ ಅನಿಸುತ್ತ ಎದ್ದ,
"ಏಳು" ಅಂದ.

ಎಂಟು, ಎಂದೆ ನಾನು,
ಯಾರೂ ಎಣಿಸುತ್ತಿರಲಿಲ್ಲವಾದರೂ.